ಹಿಂದೆ ಕೂರುವವರೇ ಟೈರು ಆರಿಸಬೇಕು

ಟೈರಿನ ಅಂಗಡಿಯ ವಾಸನೆಯನ್ನು ಇಷ್ಟಪಡುವ ಹೆಂಗಸರು ನಮ್ಮ ಶಿವಮೊಗ್ಗದಲ್ಲಿ ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ನಾನಂತೂ ಇದ್ದೇನೆ. ಹೊಸ ರಬ್ಬರಿನ ಘಾಟು ಮೂಗಿಗೆ ಬಡಿದರೆ ಸಾಕು, ನನಗೆ ಹಸಿವಾಗುತ್ತದೆ. ಇದೇನು ವಿಚಿತ್ರ ಎಂದು ಹುಬ್ಬೇರಿಸಬೇಡಿ, ಕಾರಣ ಆಮೇಲೆ ಹೇಳುತ್ತೇನೆ. ಕಳೆದ ಶನಿವಾರ ಶಾಲೆ, ಸ್ಪೆಷಲ್ ಕ್ಲಾಸು ಎಲ್ಲ ಮುಗಿಸಿ ಸಂಜೆ ಭದ್ರಾವತಿಯಿಂದ ಬಂದವಳು ಮನೆಗೆ ಹೋಗದೆ ಸೀದಾ ಟೈರಿನ ಅಂಗಡಿಗೆ ಬೈಕು ತಿರುಗಿಸಿದೆ. ಗೋಡೆಗೆ ತೂಗುಹಾಕಿದ್ದ ಟೈರೊಂದನ್ನು ಕೆಳಗಿಳಿಸಲು ಹೇಳಿ, ಅದರ ಮೈಗೆ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದೆ. ಅಂಗಡಿಯ ಯಜಮಾನ ಇರ್ಫಾನ್ ನಕ್ಕ.

"ಏನ್ ಮೇಡಂ, ಮಾವಿನಹಣ್ಣು ನೋಡೋ ಹಂಗೆ ನೋಡ್ತಿದೀರಲ್ಲ?"

"ಹಣ್ಣು ಹುಳಿ ಇದ್ರೂ ನಡಿಯತ್ತಪ್ಪ. ಇದ್ರ ಮೇಲೆ ಜೀವ ಇಟ್ಕೊಂಡು ಹೋಗ್ಬೇಕು."

"ಅದೂ ಸರಿ. ಗಾಡಿ ಸಾರ್ದಾ?"

ಬೈಕು ಕಲಿತ ದಿನದಿಂದ ಕೇಳುತ್ತ ಬಂದಿರುವ ಪ್ರಶ್ನೆ ಇದು. ಪೆಟ್ರೋಲ್ ಬಂಕಿನಲ್ಲಿ ಕೇಳಿದ್ದಾರೆ, ಪಂಕ್ಚರ್ ಅಂಗಡಿಯಲ್ಲಿ ಕೇಳಿದ್ದಾರೆ, ಒಮ್ಮೆ ಲೈಸೆನ್ಸ್ ಕೈಯಲ್ಲಿ ಹಿಡಿದುಕೊಂಡೇ ಪೊಲೀಸಿನವರೂ ಕೇಳಿದ್ದಾರೆ. ಗೇರು ಹಾಕುವ ಬೈಕು ಎಂದರೆ ಅದಕ್ಕೊಬ್ಬ ಗಂಡಸು ಎಲ್ಲೋ ಇದ್ದೇ ಇರಬೇಕು ಎಂಬುದು ಜನರ ನಂಬಿಕೆ. ಮೊದಮೊದಲು ವಿವರಿಸುತ್ತಿದ್ದೆ. ಈಗ ಕೀಲಿಕೈ ತೋರಿಸಿ "ನಂದು" ಎಂದು ಸುಮ್ಮನಾಗುತ್ತೇನೆ.

ಶನಿವಾರ ಮಾತ್ರ ಸುಮ್ಮನಾಗುವ ಮನಸ್ಥಿತಿ ನನ್ನದಾಗಿರಲಿಲ್ಲ. ಯಾಕೆಂದರೆ ಮರುದಿನ ಬೆಳಿಗ್ಗೆ ಆ ಬೈಕನ್ನು ಕೊಳ್ಳಲು ಒಬ್ಬರು ಬರುವವರಿದ್ದರು. ಕರೆದದ್ದು ನಾನಲ್ಲ, ನಮ್ಮನೆಯವರು. ಆಯುಧಪೂಜೆಯ ದಿನ ನಾನು ಬೈಕಿನಿಂದ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೆ. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಡಾಕ್ಟರೇ ಓಡಿಸಿ ಪರವಾಗಿಲ್ಲ ಎಂದರು. ಆದರೆ ಮನೆಯಲ್ಲಿ ಅಷ್ಟು ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ವಯಸ್ಸಾಯಿತು, ರಿಟೈರ್ ಆಗುವ ಕಾಲ ಬಂತು, ಬಸ್ಸಿದೆ, ನಮ್ಮನೆಯವರೇ ಸ್ಕೂಟರಿನಲ್ಲಿ ಬಿಡುತ್ತಾರೆ, ಇನ್ನು ಬೈಕು ಸಾಕು. ಈ ತೀರ್ಮಾನ ಮಾಡಿದ ಸಭೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಮಾರಲು ಇಟ್ಟ ಗಾಡಿಗೆ ತಲೆ ನೆಟ್ಟಗಿರುವ ಯಾರಾದರೂ ಹೊಸ ಟೈರು ಹಾಕಿಸುತ್ತಾರೆಯೇ, ನೀವೇ ಹೇಳಿ. ಅದಕ್ಕೇ ಹಾಕಿಸಲು ಹೋಗಿದ್ದೆ.

ಟೈರಿಗೆ ಉಗುರು ಒತ್ತುವುದನ್ನು ನನಗೆ ಕಲಿಸಿದವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಶಿವಮೊಗ್ಗದ ಶಾಲೆಯೊಂದರಲ್ಲಿ ಸಂಸ್ಕೃತ ಟೀಚರು, ವಾಸ ಭದ್ರಾವತಿಯ ಜನ್ನಾಪುರದಲ್ಲಿ. ಮಾವ ಕಾರ್ಖಾನೆಯಲ್ಲಿದ್ದವರು. ಅವರು ತೀರಿಕೊಂಡಾಗ ಅವರ ಬೈಕು ಮನೆಯ ಮುಂದೆ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ವೈಕುಂಠ ಸಮಾರಾಧನೆಯ ಎಲೆ ತೆಗೆಯುವುದರೊಳಗೆ ಅದನ್ನು ಕೇಳಿಕೊಂಡು ಜನ ಬರತೊಡಗಿದರು. ಕಾಲೇಜಿಗೆಂದು ನಾನು ಅತ್ತೆಯ ಮನೆಯಲ್ಲಿದ್ದೆ, ಹಾಗಾಗಿ ಎಲ್ಲವನ್ನೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ.

"ಹೆಂಗಸ್ರೇ ಇರೋ ಮನೆ. ಬೈಕ್ ಇಟ್ಕೊಂಡು ಏನ್ ಮಾಡ್ತೀರಮ್ಮಾ?" ಎಂದರು ಒಬ್ಬರು.

"ಓಡಿಸ್ತೀವಿ" ಎಂದರು ಅತ್ತೆ.

"ಯಾರು?"

ಅತ್ತೆ ಅಡುಗೆಮನೆಯ ಕಡೆ ಕೈ ತೋರಿಸಿದರು. "ಇವ್ಳು."

ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತ ನನಗೆ ಸೈಕಲ್ಲು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆದರೂ ಬಂದವರ ಮುಖ ನೋಡಿದ ಮೇಲೆ ತಲೆಯಾಡಿಸದೆ ಇರಲು ಮನಸ್ಸು ಬರಲಿಲ್ಲ. ಪಕ್ಕದ ಮನೆಯ ತಮಿಳು ಅಣ್ಣ ಮೈದಾನದಲ್ಲಿ ಕಲಿಸಿದರು. "ಕ್ಲಚ್ಚು ಮೆದುವಾ ವಿಡಮ್ಮಾ, ಮೆದುವಾ!" ಎಂದು ಕ್ಲಚ್ಚನ್ನು ಮೆಲ್ಲಗೆ ಬಿಡಲು ಅವರು ಕೂಗುತ್ತಲೇ ಇದ್ದರು, ನಾನು ಜಾಲಿ ಬೇಲಿಯೊಳಗೆ ನುಗ್ಗುತ್ತಲೇ ಇದ್ದೆ. ಕೊನೆಗೊಂದು ದಿನ ಬೇಲಿಯ ಈಚೆಯೇ ನಿಂತೆ.

ಓಡಿಸುವುದು ಬಂದ ಮೇಲೆ ಟೈರು ಬದಲಾಯಿಸಬೇಕಾಯಿತು. ಮಾವನ ಕಾಲದ ಟೈರು ನುಣ್ಣಗೆ ಬೋಳಾಗಿತ್ತು. ಭದ್ರಾವತಿಯ ಪೇಟೆಯಲ್ಲಿ ಒಬ್ಬ ಸಾಹೇಬರ ಅಂಗಡಿಯಿತ್ತು. ಅವರು ನನಗೆ ಎರಡು ಬಗೆ ತೋರಿಸಿದರು. ಒಂದು ಗಟ್ಟಿ ರಬ್ಬರಿನದು, ಬೇಗ ಸವೆಯುವುದಿಲ್ಲ. ಇನ್ನೊಂದು ಮೆತ್ತನೆಯದು, ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಮುಗಿಯುತ್ತದೆ. ನಾನು ಗಟ್ಟಿಯದಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅತ್ತೆ ಛತ್ರಿಯ ತುದಿಯಿಂದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ನೀನ್ಯಾಕೆ ಆರಿಸ್ತೀಯಾ?"

"ಓಡಿಸೋಳು ನಾನಲ್ವಾ ಅತ್ತೆ?"

"ನಿನ್ಗೆ ಹ್ಯಾಂಡಲ್ ಇದೆ, ಬ್ರೇಕ್ ಇದೆ. ಎದುರಿಗೆ ಏನ್ ಬರ್ತಿದೆ ಅಂತ ಕಾಣ್ಸತ್ತೆ. ಹಿಂದೆ ಕೂತೋಳಿಗೆ ಏನಿದೆ ಮಾರಾಯ್ತಿ? ನಿನ್ನ ಜಡೆ ಒಂದು ಬಿಟ್ರೆ ನಂಗೆ ಇನ್ನೇನೂ ಕಾಣಲ್ಲ. ಟೈರ್ ಒಂದಾದ್ರೂ ನಾನ್ ಆರಿಸ್ಬೇಡ್ವಾ?"

ಸಾಹೇಬರು "ವಾಜಿಬಿ ಬಾತ್, ನ್ಯಾಯವಾದ ಮಾತು" ಎಂದು ಗಡ್ಡ ಸವರಿಕೊಂಡರು. ಅತ್ತೆ ಎರಡು ಟೈರಿಗೂ ಉಗುರು ಒತ್ತಿ ನೋಡಿದರು. ಗಟ್ಟಿಯದರ ಮೇಲೆ ಗುರುತೇ ಬೀಳಲಿಲ್ಲ. ಮೆತ್ತನೆಯದರ ಮೇಲೆ ಸಣ್ಣ ಚಂದ್ರನಂತೆ ಒಂದು ಗೆರೆ ಮೂಡಿ ನಿಧಾನವಾಗಿ ಮಾಯವಾಯಿತು. "ಇದು" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಕಾನೂನಾಯಿತು. ಹಿಂದೆ ಕೂರುವವರು ಟೈರು ಆರಿಸಬೇಕು, ಹಿಂದೆ ಕೂರದವರಿಗೆ ಮಾತಿಲ್ಲ.

ಅತ್ತೆ ಸಣ್ಣ ಆಳಲ್ಲ. ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಊಟದ ಡಬ್ಬಿಯ ಚೀಲ, ಕಂಕುಳಲ್ಲಿ ಛತ್ರಿ ಸಿಕ್ಕಿಸಿಕೊಂಡು ಕೂತರೆಂದರೆ ಹಿಂದಿನ ಚಕ್ರ ಒಮ್ಮೆ ನಿಟ್ಟುಸಿರು ಬಿಡುತ್ತಿತ್ತು. ಆ ಭಾರವನ್ನು ಹೊತ್ತು ಜನ್ನಾಪುರದಿಂದ ಶಿವಮೊಗ್ಗಕ್ಕೆ ದಿನಾ ಹೋಗಿ ಬರುತ್ತಿದ್ದೆವು, ಅವರು ಶಾಲೆಗೆ, ನಾನು ಕಾಲೇಜಿಗೆ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬರುತ್ತಿದ್ದವು. ಲಾರಿಯವರು ಬೇಕೆಂದೇ ಪಕ್ಕದಲ್ಲಿ ಹಾರ್ನ್ ಒತ್ತುತ್ತಿದ್ದರು. ಅತ್ತೆ ಅದಕ್ಕೆ ತಿರುಗಿಯೂ ನೋಡದೆ ಶಬ್ದರೂಪ ಹೇಳಿಕೊಳ್ಳುತ್ತಿದ್ದರು. ಅದು ಭಯಕ್ಕೋ ಅಭ್ಯಾಸಕ್ಕೋ ನಾನು ಕೇಳಲಿಲ್ಲ. ರಾಮಃ ರಾಮೌ ರಾಮಾಃ ಜೋರಾಗಿ ಕೇಳಿಸತೊಡಗಿದರೆ ನಾನು ವೇಗ ಇಳಿಸುತ್ತಿದ್ದೆ.

ಮೆತ್ತನೆಯ ಟೈರು ಸಹಜವಾಗಿಯೇ ಬೇಗ ಬೇಗ ಸವೆಯಿತು. "ಮತ್ತೆ ಟೈರಾ ಟೀಚರೇ? ನಮ್ದು ಇನ್ನೂ ಹೊಸದ್ರ ಹಂಗಿದೆ" ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಅತ್ತೆಯ ಉತ್ತರ ತಯಾರಿರುತ್ತಿತ್ತು. "ಟೈರ್ ಸವೀಲಿ ಬಿಡ್ರಿ, ಮೊಣಕಾಲು ಸವೀದಿದ್ರೆ ಆಯ್ತು."

ಅವರು ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲುಗಳಿರುತ್ತವಲ್ಲ, ರಸ್ತೆಯನ್ನು ಹಿಡಿಯುವುದೇ ಅವು ಎಂದು ಅತ್ತೆ ನಂಬಿದ್ದರು. ಬೀದಿಯ ಮಕ್ಕಳು ಅದನ್ನು ಕಿತ್ತರೆ ಛತ್ರಿ ಹಿಡಿದು ಓಡಿಸಿಕೊಂಡು ಹೋಗುತ್ತಿದ್ದರು. ಅವು ಅಚ್ಚಿನಿಂದ ಉಳಿದ ಎಳೆಗಳು, ಅಷ್ಟೇ, ಅವುಗಳಿಂದ ಏನೂ ಇಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆದರೆ ಇನ್ನೊಂದು ವಿಷಯದಲ್ಲಿ ಅವರು ಸರಿಯಾಗಿದ್ದರು. ಹೊಸ ಟೈರು ಹಾಕಿದ ಮೇಲೆ ಕೆಲವು ದಿನ ನನ್ನನ್ನು ಎತ್ತಿನಗಾಡಿಯ ವೇಗದಲ್ಲಿ ಓಡಿಸುತ್ತಿದ್ದರು. "ಹುಟ್ಟಿದ ಮಗೂಗೆ ಮೈಮೇಲೆ ಜಿಡ್ಡಿರಲ್ವೇನೇ, ಇದಕ್ಕೂ ಹಂಗೇ. ರಸ್ತೆ ಉಜ್ಜಿ ಉಜ್ಜಿ ಅದು ಹೋಗ್ಬೇಕು. ಅಲ್ಲೀತನಕ ಮೆತ್ಗೆ ಹೋಗು." ಟೈರು ಹಾಕಿಸಿದ ದಿನ ಹಾಗೆ ಮೆಲ್ಲಗೆ ಹೋಗಿ, ಹೋಟೆಲಿನ ಮುಂದೆ ಇಳಿದು, ಇಬ್ಬರೂ ಒಂದೊಂದು ಮಸಾಲೆ ದೋಸೆ ತಿನ್ನುತ್ತಿದ್ದೆವು. ಹೊಸ ರಬ್ಬರಿನ ವಾಸನೆಗೂ ನನ್ನ ಹಸಿವಿಗೂ ಇರುವ ಸಂಬಂಧ ಇದೇ.

ಮದುವೆಯಾಗಿ ನಾನು ಗೋಪಾಳಕ್ಕೆ ಬಂದೆ. ಕೆಲಸ ಸಿಕ್ಕಿದ್ದು ಭದ್ರಾವತಿಯ ಹೈಸ್ಕೂಲಿನಲ್ಲಿ. ಹಾಗಾಗಿ ಅದೇ ರಸ್ತೆ ನನ್ನದಾಗಿ ಉಳಿಯಿತು, ದಿಕ್ಕು ಮಾತ್ರ ತಿರುಗಿತು. ಬೈಕುಗಳು ಹಳತಾದಂತೆ ಬದಲಾದವು. ಭಾನುವಾರಗಳಲ್ಲಿ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹೊಳಲೂರಿನ ಕಡೆ ನೆಂಟರ ಮನೆಗೆ ಹೋಗಿ ಬರುತ್ತಿದ್ದೆ. ಕೊನೆಕೊನೆಗೆ ಅವರಿಗೆ ಹತ್ತಲು ಜಗಲಿಯ ಕಟ್ಟೆ ಬೇಕಾಗುತ್ತಿತ್ತು. ಆದರೂ ಹತ್ತುತ್ತಿದ್ದರು. ಆಮೇಲೆ ಅವರಿಲ್ಲವಾದರು. ಹಿಂದಿನ ಸೀಟು ಖಾಲಿಯಾಯಿತು. ಈಗಲೂ ತಿರುವಿನಲ್ಲಿ ಒಮ್ಮೊಮ್ಮೆ ಬೆನ್ನಿಗೆ ಛತ್ರಿಯ ಹಿಡಿ ಚುಚ್ಚಿದಂತಾಗಿ ವೇಗ ಇಳಿಸುತ್ತೇನೆ.

ಆ ಸೀಟಿನಲ್ಲಿ ನಮ್ಮನೆಯವರು ಒಂದು ದಿನವೂ ಕೂತವರಲ್ಲ. ಹೆಂಡತಿಯ ಹಿಂದೆ ಕೂತು ಹೋಗುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಅವರ ತಾಯಿ ಹಿಂದೆಂದೋ ಹೇಳಿದ್ದರಂತೆ. ಇಬ್ಬರೂ ಒಂದೇ ಮದುವೆಗೆ ಹೊರಟರೂ ಅವರು ಸ್ಕೂಟರಿನಲ್ಲಿ, ನಾನು ಬೈಕಿನಲ್ಲಿ, ಎರಡು ಪೆಟ್ರೋಲು ಸುಟ್ಟುಕೊಂಡು ಅಕ್ಕಪಕ್ಕ ಹೋಗುತ್ತಿದ್ದೆವು. ಆದರೆ ಅತ್ತೆ ಹೋದ ಮೇಲೆ ಟೈರು ಆರಿಸುವ ಕೆಲಸವನ್ನು ಮಾತ್ರ ಅವರು ತಾವಾಗಿಯೇ ವಹಿಸಿಕೊಂಡರು. ನಮ್ಮನೆಯವರದು ಬಾಳಿಕೆಯ ಧರ್ಮ. ಚಪ್ಪಲಿ, ಕೊಡೆ, ಒಗೆಯುವ ಬ್ರಷ್ಷು, ಎಲ್ಲಕ್ಕೂ ಅವರ ಪ್ರಶ್ನೆ ಒಂದೇ, ಬಾಳಿಕೆ ಬರುತ್ತದೆಯೇ? ಮದುವೆಗೆ ಹೊಲಿಸಿದ ಪ್ಯಾಂಟು ಇನ್ನೂ ಇದೆ, ಸೊಂಟ ಒಪ್ಪುವುದಿಲ್ಲ ಅಷ್ಟೇ. ಹೀಗಾಗಿ ನನ್ನ ಬೈಕಿಗೆ ಕಲ್ಲಿನಂಥ ಟೈರು ಬಂತು. ವರ್ಷಗಳು ಕಳೆದರೂ ಅದರ ಗೆರೆಗಳು ಹೊಸದರಂತೆ ಇದ್ದವು. ರಬ್ಬರು ಮಾತ್ರ ಬಿಸಿಲಿಗೆ ಒಣಗಿ ಇನ್ನಷ್ಟು ಗಡುಸಾಗಿ, ಬ್ರೇಕು ಒತ್ತಿದರೆ ಕೀರಲು ದನಿ ತೆಗೆಯುತ್ತಿತ್ತು. ಬದಲಾಯಿಸೋಣ ಎಂದಾಗಲೆಲ್ಲ ಅವರು ಆ ಗೆರೆಗಳನ್ನು ತೋರಿಸಿ, "ನೋಡು, ಹೆಂಗಿದೆ! ಇನ್ನೂ ಬಾಳಿಕೆ ಇದೆ ಮಾರಾಯ್ತಿ" ಎನ್ನುತ್ತಿದ್ದರು.

ಇಂಥ ಟೈರಿಗೆ ಆಯುಧಪೂಜೆ ಬಂತು. ಹಬ್ಬದ ದಿನ ನಮ್ಮನೆಯವರಿಗೆ ಎಲ್ಲಿಲ್ಲದ ಉತ್ಸಾಹ. ಎರಡು ಗಾಡಿಯನ್ನೂ ತೊಳೆದು, ನನ್ನದನ್ನು ಸ್ವಲ್ಪ ಹೆಚ್ಚೇ ಉಜ್ಜಿ, ಚೆಂಡುಹೂವಿನ ಹಾರ ಹಾಕಿ, ವಿಭೂತಿ ಕುಂಕುಮ ಇಟ್ಟರು. ಟೈರುಗಳು ಅಂದು ಕಾಡಿಗೆ ಕಪ್ಪಾಗಿ ಮಿರಮಿರ ಮಿಂಚುತ್ತಿದ್ದವು. ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಉಜ್ಜಿದ್ದರು. ಪಕ್ಕಕ್ಕೆ ಮಾತ್ರ ಉಜ್ಜಿದ್ದರೆ ಚೆಂದವಾಗುತ್ತಿತ್ತು, ಅಷ್ಟೇ. ಅವರು ಪ್ರೀತಿಯ ಭರದಲ್ಲಿ ನೆಲಕ್ಕೆ ತಾಗುವ ಭಾಗಕ್ಕೂ, ಒಂದು ಗೆರೆಯನ್ನೂ ಬಿಡದಂತೆ, ಸುತ್ತಲೂ ಬಳಿದುಬಿಟ್ಟಿದ್ದರು. ನಾನು ಪಾಯಸ ಕಲಕುತ್ತ ಒಳಗಿದ್ದೆ, ನೋಡಿರಲಿಲ್ಲ. ಮಂಗಳಾರತಿಯಾಯಿತು. ಚಕ್ರದಡಿಯ ನಿಂಬೆಹಣ್ಣು ಚಟ್ಟೆಂದು ಒಡೆಯಿತು. ಪದ್ಧತಿಯಂತೆ ಒಂದು ಸುತ್ತು ಹೋಗಿಬರಲು ಹೊರಟವಳು ಬೀದಿಯ ಮೊದಲ ತಿರುವಿನಲ್ಲೇ ಹಾರ, ಕುಂಕುಮ, ರೇಷ್ಮೆ ಸೀರೆ ಸಮೇತ ಮಲಗಿಬಿಟ್ಟೆ.

ಬಿದ್ದವಳ ಸುತ್ತ ಸೇರಿದವರಲ್ಲಿ ಒಬ್ಬೊಬ್ಬರದು ಒಂದೊಂದು ಪಂಡಿತಾಭಿಪ್ರಾಯ. ಸೀರೆ ಚಕ್ರಕ್ಕೆ ಸಿಕ್ಕಿತು ಎಂದರು. ಯಾರೋ ಒಡೆದ ಬೂದುಗುಂಬಳದ ಮೇಲೆ ಹೋದಳು ಎಂದರು. ಆ ತಿರುವಿನಲ್ಲಿ ಕುಂಬಳಕಾಯಿಯ ಒಂದು ಬೀಜವೂ ಇರಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ್ದು, ಈ ವಯಸ್ಸಿನಲ್ಲಿ ಹೆಂಗಸಿಗೆ ಬೈಕು ಯಾಕೆ ಎಂಬುದನ್ನು. ಬಿದ್ದಲ್ಲೇ ಚಕ್ರದಿಂದ ಕೊಬ್ಬರಿ ಎಣ್ಣೆಯ ವಾಸನೆ ನನ್ನ ಮೂಗಿಗೆ ಬಡಿದಿತ್ತು. ನಾನು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ಟೈರಿಗೆ ಎಣ್ಣೆ ಹಚ್ಚಿದಾರೆ, ಮುಟ್ಟಿ ನೋಡ್ರೋ" ಎಂದು ಕೂಗಿದೆ. ಯಾರೂ ಮುಟ್ಟಲಿಲ್ಲ. ನಮ್ಮನೆಯವರು, "ನೋವಿಗೆ ಏನೇನೋ ಮಾತಾಡ್ತಿದಾಳೆ, ಆಟೋ ಕರೀರಿ" ಎಂದರು. ಕೈ ಮುರಿದ ನೋವು ಹೋಯಿತು. ಆ ಮಾತಿನ ಸಿಟ್ಟು ಹೋಗಲಿಲ್ಲ. ಅಷ್ಟು ವರ್ಷ ಲಾರಿ, ಬಸ್ಸು, ಹಂಪು, ಗುಂಡಿ ಎಲ್ಲವನ್ನೂ ದಾಟಿಸಿದ ನನ್ನ ಕೈಯನ್ನು ಒಂದು ಚಮಚ ಕೊಬ್ಬರಿ ಎಣ್ಣೆಗಾಗಿ ಎಲ್ಲರೂ ಸೇರಿ ನಂಬದೆ ಹೋದರಲ್ಲ ಎಂದು ಎಷ್ಟೋ ದಿನ ಒಬ್ಬಳೇ ಕುದಿದಿದ್ದೇನೆ.

ಶನಿವಾರಕ್ಕೆ ಬರುತ್ತೇನೆ. ಇರ್ಫಾನ್ ನನ್ನ ಮುಂದೆ ಗಟ್ಟಿಯದನ್ನೂ ಮೆತ್ತನೆಯದನ್ನೂ ಇಟ್ಟು, "ಇದು ಬಾಳಿಕೆ, ಇದು ಹಿಡಿತ. ಯಾವ್ದು ಹಾಕ್ಲಿ?" ಎಂದು ಕೇಳುವ ಹೊತ್ತಿಗೆ ಆಟೋ ಒಂದು ಬಂದು ನಿಂತಿತು. ಇಳಿದವರು ನಮ್ಮನೆಯವರು. ದಾರಿಯಲ್ಲಿ ಯಾರೋ ನನ್ನನ್ನು ನೋಡಿ ಫೋನು ಮಾಡಿರಬೇಕು. ಶಿವಮೊಗ್ಗ ಎಷ್ಟು ಬೆಳೆದರೂ ಈ ಒಂದು ಸೌಕರ್ಯ ಮಾತ್ರ ಕಡಿಮೆಯಾಗಿಲ್ಲ.

"ಏನ್ ಮಾಡ್ತಿದೀಯ ಮಾರಾಯ್ತಿ? ನಾಳೆ ಬೆಳಿಗ್ಗೆ ಅವ್ರು ಬರ್ತಾರೆ!"

"ಬರ್ಲಿ. ಕಾಫಿ ಕೊಡ್ತೀನಿ, ಕುಡ್ಕೊಂಡು ಹೋಗ್ಲಿ. ಗಾಡಿ ಕೊಡಲ್ಲ."

"ಮತ್ತೆ ಬಿದ್ರೆ?"

"ನಾನ್ ಬಿದ್ದಿದ್ದಲ್ಲ ರೀ, ಬೀಳ್ಸಿದ್ದು. ಯಾತಕ್ಕೆ ಬಿದ್ದೆ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು."

ಅವರು ದನಿ ತಗ್ಗಿಸಿ, "ಹೋಗ್ಲಿ, ಹಾಕ್ಸೋದೇ ಆದ್ರೆ ಆ ಗಟ್ಟಿದು ಹಾಕ್ಸು" ಎಂದರು. ನನಗೆ ರೇಗಿತು. ಅಂಗಡಿ ಎಂದೂ ನೋಡದೆ ಜೋರಾಗಿಯೇ ಹೇಳಿದೆ. "ಟೈರ್ ಆರಿಸೋರು ಹಿಂದೆ ಕೂರೋರು. ಇದು ಅತ್ತೆ ಮಾಡಿದ ಕಾನೂನು. ನೀವು ಇಷ್ಟು ವರ್ಷದಲ್ಲಿ ಒಂದಿನ ಕೂತಿದೀರಾ? ಕೂರೋ ಹಂಗಿದ್ರೆ ಆರಿಸಿ. ಇಲ್ದಿದ್ರೆ ನಿಮ್ಗೆ ಇಲ್ಲಿ ಮಾತಿಲ್ಲ."

ಇರ್ಫಾನ್ ನಟ್ಟು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ. ನಮ್ಮನೆಯವರು ಆಟೋ ಹೋದ ದಿಕ್ಕನ್ನು ಒಮ್ಮೆ ನೋಡಿದರು. ಅದು ಆಗಲೇ ಹೋಗಿಯಾಗಿತ್ತು. ಬೈಕಿನ ಹಿಂದಿನ ಸೀಟನ್ನು ನೋಡಿದರು. "ಆಯ್ತು. ಕೂರ್ತೀನಿ" ಎಂದರು. ಪ್ಯಾಂಟನ್ನು ಸ್ವಲ್ಪ ಮೇಲಕ್ಕೆಳೆದುಕೊಂಡು ಟೈರುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಾನು ಹೇಳಿಕೊಡದೆಯೇ, ಗಟ್ಟಿ ಟೈರಿಗೆ ಉಗುರು ಒತ್ತಿದರು. ಗುರುತು ಬೀಳಲಿಲ್ಲ. ಮೆತ್ತನೆಯದಕ್ಕೆ ಒತ್ತಿದರು. ಗೆರೆ ಮೂಡಿತು. ಅದನ್ನು ನೋಡುತ್ತ ಕೂತೇ ಇದ್ದರು. ಬಾಳಿಕೆಯ ಧರ್ಮದ ಆ ಮನುಷ್ಯ, ತಾನು ಹಿಂದೆ ಕೂರಬೇಕೆಂದು ಗೊತ್ತಾದ ಮೇಲೆ, ಯಾವ ಟೈರನ್ನು ಮುಟ್ಟಿದರು ಗೊತ್ತೇ?

"ಇದು ಹಾಕಪ್ಪ. ಹಿಂದಕ್ಕೂ ಇದೇ, ಮುಂದಕ್ಕೂ ಇದೇ."

"ಬೇಗ ಸವೀತದೆ ಸಾರ್" ಎಂದ ಇರ್ಫಾನ್.

"ಸವೀಲಿ ಬಿಡು."

ಜನ್ನಾಪುರದ ಮನೆಯ ಮುಂದೆ ಅತ್ತೆ ಛತ್ರಿ ಹಿಡಿದು ನಿಂತು ನಗುತ್ತಿರುವಂತೆ ಅನಿಸಿತು. ನಾನು ಆಚೆ ಮುಖ ಮಾಡಿ ನಿಂತೆ. ಟೈರು ಹಾಕುವವರೆಗೂ ಅವರು ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಏನೋ ಒತ್ತುತ್ತಿದ್ದರು. ಕೆಲಸ ಮುಗಿದ ಮೇಲೆ ಇರ್ಫಾನ್, "ಪಾಲಿಶ್ ಹೊಡೆದು ಕೊಡ್ತೀನಿ ಸಾರ್, ಫ್ರೀ" ಎಂದು ಬಾಟಲಿ ತೆಗೆದು ಬಟ್ಟೆಗೆ ಸುರಿಯಹೋದ.

"ಬೇಡ, ಬೇಡ, ಬೇಡ!" ನಮ್ಮನೆಯವರು ಸ್ಟೂಲಿನಿಂದ ಎದ್ದೇಬಿಟ್ಟರು. "ಟೈರಿಗೆ ಏನೂ ಹಚ್ಬೇಡ. ಜಾರತ್ತೆ."

ನಾನು ಅವರ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಅವರ ಕಿವಿ ಕೆಂಪಾಗಿತ್ತು. ಆಮೇಲೆ ಕ್ಯಾಲೆಂಡರಿಗೇ ಹೇಳುವವರಂತೆ, "ನಾಳೆ ಬರೋರಿಗೆ ಬರೋದ್ ಬೇಡ ಅಂತ ಮೆಸೇಜ್ ಹಾಕಾಯ್ತು" ಎಂದರು.

ಹೊರಟೆವು. ಹಿಂದಿನ ಚಕ್ರ ನಿಟ್ಟುಸಿರು ಬಿಟ್ಟಿತು. ಮೊದಲು ಅವರು ಹಿಂದಿನ ಕಂಬಿ ಹಿಡಿದುಕೊಂಡಿದ್ದರು, ಹಂಪು ಬಂದ ಮೇಲೆ ನನ್ನ ಭುಜ ಹಿಡಿದರು. ಗೋಪಾಳದ ಬಸ್ ಸ್ಟಾಪಿನ ಎದುರಿಗೆ ಒಂದು ಟೀ ಅಂಗಡಿಯಿದೆ. ಸಂಜೆ ಆ ಹೊತ್ತಿಗೆ ನಮ್ಮನೆಯವರ ಸ್ನೇಹಿತರೆಲ್ಲ ಅಲ್ಲೇ ಇರುತ್ತಾರೆ. ಅದು ಕಣ್ಣಿಗೆ ಬಿದ್ದದ್ದೇ ತಡ, ಹಿಂದಿನಿಂದ ದನಿ ಬಂತು.

"ಏ, ಸ್ವಲ್ಪ ಜೋರಾಗಿ ಹೋಗೇ."

"ಆಗಲ್ಲ ರೀ. ಹೊಸ ಟೈರು. ಮೆತ್ಗೇ ಹೋಗ್ಬೇಕು."

ಇದು ನಿಜ. ಆದರೆ ಅಷ್ಟು ನಿಧಾನವಾಗಿ ಹೋಗುವ ಅಗತ್ಯವಿತ್ತೇ ಎಂದು ನೀವು ಕೇಳಿದರೆ, ಇರಲಿಲ್ಲ. ಪಕ್ಕದಲ್ಲಿ ನಡೆದು ಹೋಗುತ್ತಿದ್ದವರೊಬ್ಬರು ನಮ್ಮನ್ನು ಹಿಂದೆ ಹಾಕಿದರು. ಟೀ ಅಂಗಡಿಯ ಬೆಂಚಿನಲ್ಲಿ ಲೋಟಗಳು ಬಾಯಿಯ ಹತ್ತಿರವೇ ನಿಂತವು. "ಏನ್ರೀ ಮೂರ್ತಿ, ಇದೇನ್ ಹೊಸ ಅವತಾರ?" ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ನನ್ನ ಭುಜದ ಮೇಲಿನ ಕೈ ಬಿಗಿಯಾಯಿತು. ಈಗ ಇಳಿದುಬಿಡುತ್ತಾರೆ ಎಂದುಕೊಂಡೆ.

"ಟೈರ್ ನೋಡ್ರೋ ಟೈರ್!" ಹಿಂದಿನಿಂದ ನಮ್ಮನೆಯವರು ಗಟ್ಟಿಯಾಗಿ ಕೂಗಿದರು. "ನಾನೇ ಆರ್ಸಿದ್ದು!"

ನನ್ನ ಸಿಟ್ಟು ಪೂರ್ತಿ ಇಳಿಯಿತು ಎಂದು ತಿಳಿಯಬೇಡಿ. ಆ ಕೊಬ್ಬರಿ ಎಣ್ಣೆಯ ಮಾತು ಅವರ ಬಾಯಿಂದ ನೇರವಾಗಿ ಬರುವವರೆಗೂ ನಾನು ಬಿಡುವವಳಲ್ಲ. ಆದರೆ ಮನೆಯ ತಿರುವು ಬಂದಾಗ ಬೈಕು ತಿರುಗಿಸಲಿಲ್ಲ. ಎಲ್ಲಿಗೆ ಎಂದು ಅವರು ಕೇಳಿದರು. ದೋಸೆ ತಿನ್ನಲು ಎಂದೆ.